ದುರ್ಗಕ್ಕನ ನೂರಾ ಎಂಬತ್ತೆರಡು ವೋಲ್ಟು

ಮೋಟಾರು ಮೂರನೆಯ ಸಲ ಸುಟ್ಟ ದಿನ ದುರ್ಗಕ್ಕ ಯಾರನ್ನೂ ಬೈಯಲಿಲ್ಲ. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ನಾಲ್ವರಿಗೆ "ಮೋಟಾರ್ ಸುಟ್ಟೈತ್ರಿ, ನಾಕು ದಿನ ಬಿಟ್ಟು ಬರ್ರಿ" ಎಂದು ಹೇಳಿ, ಅರ್ಧ ಬೀಸಿದ್ದ ಜೋಳವನ್ನು ಅದರ ಒಡತಿಗೆ ಕೊಟ್ಟು, ಖಾಲಿ ಚೀಲದ ಮೇಲೆ ಕುಳಿತಳು. ಗಿರಣಿಯ ತುಂಬ ಮೋಟಾರಿನ ಸುರುಳಿಗೆ ಬಳಿದ ವಾರ್ನಿಷ್ ಸುಟ್ಟ ವಾಸನೆ. ಒಂದು ವರ್ಷದೊಳಗೆ ಮೂರು ಸಲ ಆ ವಾಸನೆ ಕುಡಿದಿದ್ದಳು. ಮೊದಲ ಸಲ ಮೋಟಾರು ಹಳೆಯದಾಗಿರಬೇಕು ಅಂದುಕೊಂಡಳು. ಎರಡನೆಯ ಸಲ ಸುರುಳಿ ಮತ್ತೆ ಸುತ್ತಿದ ರಿವೈಂಡಿಂಗ್ ಸರಿಯಾಗಿಲ್ಲ ಅಂದುಕೊಂಡಳು. ಈ ಸಲ ಅಂದುಕೊಳ್ಳಲು ಏನೂ ಉಳಿದಿರಲಿಲ್ಲ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಆಟೋಗಳು ತಿರುಗುವ ಮೂಲೆಯಿಂದ ಎರಡನೆಯ ಓಣಿಯಲ್ಲಿದೆ ಅವಳ ಹಿಟ್ಟಿನ ಗಿರಣಿ. ಎರಡು ಕೋಣೆ. ಮುಂದಿನದರಲ್ಲಿ ತಕ್ಕಡಿ ಮತ್ತು ಕರೆಂಟಿನ ಮೀಟರ್ ಬೋರ್ಡು, ಹಿಂದಿನದರಲ್ಲಿ ಕಲ್ಲು ಮತ್ತು ಮೋಟಾರು. ಗಿರಣಿಯ ಹಳೆಯ ಒಡತಿ ಒಬ್ಬ ಅಜ್ಜಿ. ದುರ್ಗಕ್ಕ ಅವಳ ಹತ್ತಿರ ಕೆಲಸಕ್ಕೆ ಸೇರಿ, ಕೊನೆಗೆ ಅವಳ ಕೈಕಾಲು ಸೋತಾಗ ಗಿರಣಿಯನ್ನೇ ವಹಿಸಿಕೊಂಡವಳು. ಅದಕ್ಕೂ ಮುಂಚೆ ದುರ್ಗಕ್ಕ ಸಂಡೂರಿನ ಕಡೆಯವಳು. ಹುಟ್ಟಿದ್ದು ಯಶವಂತನಗರ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಹದಿನಾರನೆಯ ವಯಸ್ಸಿಗೆ ಗಣಿಯಲ್ಲಿ ಅದಿರು ಹೊರಲು ನಿಂತಳು. ಹತ್ತು ಹೆಂಗಸರ ಗ್ಯಾಂಗು, ತಲೆಯ ಮೇಲೆ ಬುಟ್ಟಿ, ಕೆಳಗೆ ಕಾಯುವ ಲಾರಿ. ಮುಂದೆ ಯಂತ್ರಗಳು ಬಂದವು, ಆಮೇಲೆ ಒಂದು ವರ್ಷ ಗಣಿಗಳೇ ನಿಂತುಹೋದವು. ಆಗ ಅವಳು ಹೊಸಪೇಟೆಗೆ ಬಂದಳು. ಗಂಡ ಎರ್ರೆಪ್ಪ ಗಣಿ ಕಂಪನಿಯೊಂದರ ಬಸ್ ಓಡಿಸುವವನು, ಗಣಿ ಮತ್ತೆ ಶುರುವಾದಾಗ ವಾಪಸ್ ಹೋದ. ಈಗ ಭಾನುವಾರಕ್ಕೊಮ್ಮೆ ಬರುತ್ತಾನೆ.

ಐವತ್ತು ವರ್ಷದ ದುರ್ಗಕ್ಕನಿಗೆ ಗಿರಣಿಯ ವಿಷಯದಲ್ಲಿ ಗೊತ್ತಿಲ್ಲದ್ದು ಕಡಿಮೆ. ಕಲ್ಲು ತಾನೇ ಕೆತ್ತುತ್ತಾಳೆ. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ, ಕಲ್ಲು ಬಿಗಿಯಾಯಿತೋ ಸಡಿಲವಾಯಿತೋ ಹೇಳುತ್ತಾಳೆ. ಗೋಡೆಯಿಂದ ಮೋಟಾರಿಗೆ ಬರುವ ಎರಡು ವೈರುಗಳೊಳಗೆ ಏನು ಬರುತ್ತದೆ ಎಂಬುದನ್ನು ಮಾತ್ರ ಅವಳು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಮೋಟಾರನ್ನು ಆಟೋದಲ್ಲಿ ಹೇರಿಕೊಂಡು ಹುಲುಗೇಶನ ಅಂಗಡಿಗೆ ಹೋದಳು. ಇಪ್ಪತ್ತು ವರ್ಷದಿಂದ ಮೋಟಾರ್ ರಿವೈಂಡಿಂಗ್ ಮಾಡುವವನು ಅವನು. ಬೋಲ್ಟು ಬಿಚ್ಚಿ, ಒಳಗಿನ ಕಪ್ಪು ಸುರುಳಿಯನ್ನು ನೋಡಿದ ಕೂಡಲೇ ಹೇಳಿದ.

"ಲೋ ವೋಲ್ಟೇಜ್ ಅಕ್ಕ. ಲೋ ವೋಲ್ಟೇಜಿಗೇ ಸುಟ್ಟೈತೆ."

"ಲೋ ಅಂದ್ರ?"

"ಕಮ್ಮಿ."

"ಕಮ್ಮಿ ಬಂದ್ರ ಸುಡೋದ್ಯಾಕೋ? ಒಲಿಗೆ ಸೌದಿ ಕಮ್ಮಿ ಹಾಕಿದ್ರ ರೊಟ್ಟಿ ಹಸಿ ಉಳಿತಾವ, ಸೀಯಲ್ಲ."

ಹುಲುಗೇಶ್ ನಕ್ಕ. "ವೋಲ್ಟೇಜ್ ಕಮ್ಮಿ ಆದ್ರ ಮೋಟಾರ್ ಕರೆಂಟ್ ಜಾಸ್ತಿ ಎಳೀತೈತೆ ಅಕ್ಕ. ಜಾಸ್ತಿ ಕರೆಂಟ್ ಹರದ್ರ ವೈರ್ ಕಾಯ್ತೈತೆ. ಕಾಯ್ದು ಕಾಯ್ದು ಸುಡ್ತೈತೆ."

"ತಡಿ. ವೋಲ್ಟೇಜ್ ಅಂದ್ರ ಕರೆಂಟ್ ಅಲ್ಲೇನು?"

"ಅಲ್ಲ."

"ಮತ್ತೇನು?"

ಹುಲುಗೇಶನ ಕೈಯಲ್ಲಿ ತಾಮ್ರದ ತಂತಿಯ ಸಿಂಬಿ ಇತ್ತು. ಅದನ್ನು ಒಂದು ಸಲ ತಿರುಗಿಸಿದ, ಮತ್ತೊಂದು ಸಲ ತಿರುಗಿಸಿದ. "ವೋಲ್ಟೇಜ್ ಅಂದ್ರ... ವೋಲ್ಟೇಜ್ ಅಕ್ಕ. ಇನ್ನೂರ ಮೂವತ್ತು ಇರಬೇಕು. ನಿಮ್ಮ ಕಡೆ ಇಲ್ಲ. ಲೈನ್‌ಮನ್‌ಗೆ ಹೇಳು." ಇಪ್ಪತ್ತು ವರ್ಷದಲ್ಲಿ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಲೈನ್‌ಮನ್ ರೇವಣಸಿದ್ದ ಮರುದಿನ ಬೆಳಿಗ್ಗೆ ಬಂದ. ಒಳ್ಳೆಯ ಮನುಷ್ಯ, ಕರೆದರೆ ಬರುವವನು. ಮೀಟರ್ ಬೋರ್ಡಿನಲ್ಲಿ ಅಳೆದ, ಹಿಂದಿನ ಕೋಣೆಯಲ್ಲಿ ಮೋಟಾರಿಲ್ಲದ ಸ್ವಿಚ್ಚಿನಲ್ಲಿ ಅಳೆದ. ಎರಡೂ ಕಡೆ ಇನ್ನೂರ ಇಪ್ಪತ್ತೆಂಟು.

"ಮಸ್ತ್ ಐತಲ್ಲ ಅಕ್ಕ ವೋಲ್ಟೇಜು. ಹುಲುಗೇಶ್ ಸುಮ್ನ ಹೇಳ್ತಾನ."

"ಅದ್ಹೆಂಗಪ್ಪ? ವೋಲ್ಟೇಜ್ ಅಂದ್ರೇನು, ಅದನ್ನರ ಹೇಳು ನನಗ."

ರೇವಣಸಿದ್ದ ತಡವರಿಸಲಿಲ್ಲ. "ನೀರಿನ ಪ್ರೆಷರ್ ಇದ್ದಂಗ ಅಕ್ಕ. ಡ್ಯಾಮ್ನಾಗ ನೀರು ಮ್ಯಾಲಿದ್ರ ಗೇಟ್ನಾಗ ಜೋರು ಬರ್ತೈತೆ, ಕೆಳಗಿಳಿದ್ರ ಜೋರು ಕಮ್ಮಿ. ಆ ಜೋರೇ ವೋಲ್ಟೇಜ್. ಹರಿಯೋ ನೀರು ಕರೆಂಟು."

ದುರ್ಗಕ್ಕನಿಗೆ ಇದು ತಟ್ಟನೆ ಹಿಡಿಸಿತು. ಮೈ ಹಗುರಾದಂತಾಯಿತು. ಆ ಹಗುರ ಸಂಜೆ ನಲ್ಲಿ ಬರುವ ಹೊತ್ತಿನವರೆಗೆ ಉಳಿಯಿತು. ಆ ದಿನ ಓಣಿಯ ನಲ್ಲಿಯಲ್ಲಿ ನೀರಿನ ಜೋರು ಕಡಿಮೆ ಇತ್ತು, ಕೊಡದೊಳಗೆ ನೂಲಿನಂತೆ ಬೀಳುತ್ತಿತ್ತು. ಕೊಡ ತುಂಬುವುದನ್ನು ಕಾಯುತ್ತ ನಿಂತವಳಿಗೆ ಅನುಮಾನ ಬಂತು. ಜೋರು ಕಡಿಮೆಯಾದರೆ ನೀರೂ ಕಡಿಮೆ ಬರುತ್ತದೆ. ಆದರೆ ಹುಲುಗೇಶ್ ಹೇಳಿದ್ದು, ಜೋರು ಕಡಿಮೆಯಾದರೆ ಕರೆಂಟು ಜಾಸ್ತಿ ಹರಿಯುತ್ತದೆ ಎಂದು. ಹಾಗಾದರೆ ಇಬ್ಬರಲ್ಲಿ ಒಬ್ಬನಿಗೆ ಗೊತ್ತಿಲ್ಲ. ಎರಡು ದಿನ ಬಿಟ್ಟು ರೇವಣಸಿದ್ದ ಓಣಿಯಲ್ಲಿ ಸಿಕ್ಕಾಗ ತಡೆದು ನಿಲ್ಲಿಸಿ ಕೇಳಿದಳು.

"ಇಬ್ರು ಹೇಳಿದ್ದೂ ಖರೇನ ಅಕ್ಕ" ಎಂದ ಅವನು, ಬೈಕ್ ಆರಿಸದೆ.

"ಎರಡೂ ಹೆಂಗ ಖರೇ ಆಗ್ತೈತೆ?"

"ನಲ್ಲಿ ಬ್ಯಾರೆ, ಮೋಟಾರ್ ಬ್ಯಾರೆ." ಅಷ್ಟು ಹೇಳಿ ಹೋದ.

ಭಾನುವಾರ ಎರ್ರೆಪ್ಪ ಬಂದ. ಊಟಕ್ಕೆ ಕುಳಿತಾಗ ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ.

"ನಿನಗ್ಯಾಕ ಬೇಕು ಅದೆಲ್ಲ? ಸುಟ್ರ ವೈಂಡಿಂಗ್ ಕಟ್ಟಿಸೋದು. ನಮ್ಮ ಬಸ್ಸಿನ ಬ್ಯಾಟ್ರಿ ನೋಡು, ಇಪ್ಪತ್ನಾಕು ವೋಲ್ಟ್. ಬರೇ ಇಪ್ಪತ್ನಾಕು. ಅಷ್ಟು ದೊಡ್ಡ ಎಂಜಿನ್ ಎಬ್ಬಸ್ತೈತೆ. ಕೈ ಇಟ್ರೂ ಏನೂ ಆಗಲ್ಲ."

ದುರ್ಗಕ್ಕ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಇಪ್ಪತ್ನಾಕು ಬಸ್ ಎಬ್ಬಸ್ತೈತೆ. ಇನ್ನೂರು ಇದ್ರೂ ಜೋಳ ಬೀಸಾಕ ಸಾಲಲ್ಲ. ಇದ್ಯಾವ ಲೆಕ್ಕ?"

"ಬ್ಯಾಟ್ರಿ ವೈರ್ ನನ್ನ ಹೆಬ್ಬಟ್ಟು ದಪ್ಪ ಇರ್ತೈತೆ" ಎಂದ ಎರ್ರೆಪ್ಪ, ಅದೇ ಉತ್ತರ ಎನ್ನುವಂತೆ. ಅದು ನಿಜವಾಗಿಯೂ ಉತ್ತರದ ಒಂದು ತುಂಡೇ ಆಗಿತ್ತು. ಆದರೆ ಅವನಿಗೂ ಅದು ಗೊತ್ತಿರಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ.

ಮೋಟಾರು ಸೋಮವಾರ ವಾಪಸ್ ಬಂತು. ದುರ್ಗಕ್ಕ ಅದನ್ನು ಹೆದರಿಕೆಯಿಂದಲೇ ಓಡಿಸಿದಳು. ಒಮ್ಮೆಗೆ ಎರಡು ಸೇರಿಗಿಂತ ಹೆಚ್ಚು ಕಾಳು ಹಾಕಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮೋಟಾರಿನ ಬೆನ್ನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಬುಧವಾರಕ್ಕೇ ಮತ್ತೆ ಬಿಸಿಯಾಗತೊಡಗಿತು. ಖಾಲಿ ತಿರುಗುವಾಗ ಚೆನ್ನಾಗಿಯೇ ಇತ್ತು, ಕಾಳು ಬಿದ್ದ ಕೂಡಲೇ ಅದರ ದನಿ ಕುಗ್ಗುತ್ತಿತ್ತು, ಗಂಟಲು ಕಟ್ಟಿದವರ ಹಾಗೆ.

ಶನಿವಾರ ಅಂಜಲಿ ಗೋಧಿ ತಂದಳು. ಪಕ್ಕದ ಓಣಿಯಲ್ಲಿ ತಾಯಿಯ ಜೊತೆ ಇರುವ ಹುಡುಗಿ, ಇಪ್ಪತ್ತೇಳರ ವಯಸ್ಸು, ಡಿಪ್ಲೊಮಾ ಕಾಲೇಜೊಂದರ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಕಲಿಸುವ ಕೆಲಸ. ಎರಡು ವರ್ಷದಿಂದ ಗಿರಾಕಿ. ಅವಳ ಕೆಲಸ ಏನೆಂದು ದುರ್ಗಕ್ಕನಿಗೆ ಗೊತ್ತಾಗಿದ್ದು ಅಂದೇ, ಮೋಟಾರಿನ ಮಾತು ಬಂದಾಗ.

"ಹಂಗಾರ ನೀನೇ ಹೇಳವ್ವ. ವೋಲ್ಟೇಜ್ ಅಂದ್ರೇನು?"

ಅಂಜಲಿ ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದಳು. "ಒಂದು ಕೂಲಂಬ್ ಚಾರ್ಜು ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ಹೋಗೋವಾಗ ಎಷ್ಟು ಕೆಲಸ ಆಗುತ್ತೋ ಅದು."

ಆ ಮಾತಿನಲ್ಲಿ ದುರ್ಗಕ್ಕನ ಕೈಗೆ ಸಿಕ್ಕಿದ್ದು ಎರಡೇ ಶಬ್ದ, ಹೋಗುವುದು ಮತ್ತು ಕೆಲಸ.

"ಯಾರು ಹೋಗೋದು?"

"ಚಾರ್ಜ್ ಅಕ್ಕ. ಸಣ್ಣ ಸಣ್ಣ ಕಣ ಅನ್ರಿ. ವೈರಿನೊಳಗ ಇರ್ತಾವ."

"ಅವು ಕೆಲಸ ಮಾಡ್ತಾವ?"

"ಹೂಂ. ಒಂದೊಂದು ಕಣಾನೂ ಒಂದಿಷ್ಟು ಶಕ್ತಿ ತಂದು ಮೋಟಾರಿಗೆ ಕೊಡ್ತಾವ. ಒಂದೊಂದು ಎಷ್ಟು ತರ್ತಾವ, ಅದು ವೋಲ್ಟೇಜ್."

ಗೋಧಿ ಬೀಳುವುದು ಮುಗಿದಿತ್ತು. ದುರ್ಗಕ್ಕ ಸ್ವಿಚ್ ಆರಿಸಿದಳು. ಕಲ್ಲು ನಿಧಾನವಾಗಿ ನಿಂತಿತು.

"ನಾವು ಯಶವಂತನಗರದಾಗ ಲಾರಿ ತುಂಬಸ್ತಿದ್ವಿ" ಎಂದಳು. "ಒಬ್ಬೊಬ್ಬಾಕಿ ಒಂದೊಂದು ಬುಟ್ಟಿ. ದೊಡ್ಡ ಬುಟ್ಟಿ ಇದ್ರ ಕಮ್ಮಿ ಸಲ ಓಡಾಡಿದ್ರ ಲಾರಿ ತುಂಬ್ತಿತ್ತು. ಮಳಿಗಾಲದಾಗ ಮೇಸ್ತ್ರಿ ಸಣ್ಣ ಬುಟ್ಟಿ ಕೊಡ್ತಿದ್ದ, ಜಾರಿ ಬೀಳ್ತಾರಂತ. ಲಾರಿ ಅಷ್ಟೇ. ಅದು ಸಣ್ಣದಾಗ್ತಿರಲಿಲ್ಲ. ಅದಕ್ಕ ನಾವು ಡಬಲ್ ಓಡಾಡಬೇಕಾಗ್ತಿತ್ತು. ದಾರಿಯೆಲ್ಲ ತುಳಿದು ರಾಡಿ, ಕಾಲೆಲ್ಲ ಬೊಬ್ಬಿ." ಅಲ್ಲಿಗೆ ನಿಂತು ಅಂಜಲಿಯ ಮುಖ ನೋಡಿದಳು. "ಬುಟ್ಟಿ ಎಷ್ಟು ದೊಡ್ದು ಅನ್ನೋದು ವೋಲ್ಟೇಜಾ? ಎಷ್ಟು ಮಂದಿ ಓಡಾಡ್ತೀವಿ ಅನ್ನೋದು ಕರೆಂಟಾ?"

ಅಂಜಲಿ ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದು ನಿಂತಳು. "ಇರ್ರಿ ಅಕ್ಕ, ಇರ್ರಿ." ಬೆರಳಲ್ಲಿ ಗಾಳಿಯ ಮೇಲೆ ಏನೋ ಬರೆದಳು. "ಹೌದು. ಹೌದ್ರಿ. ಜೋಳ ಬೀಸೋದು ಲಾರಿ ಇದ್ದಂಗ, ಅದು ಕಮ್ಮಿ ಆಗಲ್ಲ. ವೋಲ್ಟೇಜ್ ಕಮ್ಮಿ ಅಂದ್ರ ಬುಟ್ಟಿ ಸಣ್ಣದಾತು. ಅದಕ್ಕ ಕರೆಂಟ್ ಜಾಸ್ತಿ ಓಡಾಡ್ತೈತೆ. ವೈರ್ ಕಾಯ್ತೈತೆ."

"ಹಂಗಾರ ಹುಲುಗೇಶ್ ಸುಳ್ಳು ಹೇಳಿಲ್ಲ."

"ಇಲ್ಲ."

"ರೇವಣಸಿದ್ದ ಅಳದಾಗ ಇನ್ನೂರ ಇಪ್ಪತ್ತೆಂಟು ಇತ್ತಲ್ಲ ಮತ್ತ? ಬುಟ್ಟಿ ದೊಡ್ದೇ ಇತ್ತಲ್ಲ?"

ಅಂಜಲಿ "ನೋಡ್ತೀನಿ ಅಕ್ಕ" ಎಂದು ಡಬ್ಬಿ ಎತ್ತಿಕೊಂಡಳು. ಉತ್ತರ ಹೊಳೆದದ್ದು ದುರ್ಗಕ್ಕನಿಗೇ, ಅದೂ ಅಂಜಲಿ ಮನೆಗೆ ಹೋದ ಮೇಲೆ, ಕಲ್ಲಿನ ಸುತ್ತ ಕುಂಚದಿಂದ ಹಿಟ್ಟು ಬಳಿಯುತ್ತಿರುವಾಗ. ರೇವಣಸಿದ್ದ ಅಳೆದಾಗ ಮೋಟಾರೇ ಇರಲಿಲ್ಲ. ಯಾರೂ ಓಡಾಡದ ದಾರಿಯನ್ನು ಅವನು ನೋಡಿ ಹೋಗಿದ್ದ. ಕುಂಚ ಬಿಟ್ಟು, ಬಾಗಿಲು ಎಳೆದುಕೊಂಡು, ಪಕ್ಕದ ಓಣಿಗೆ ನಡೆದಳು. ಅಂಜಲಿಯ ತಾಯಿ "ಕುಂದ್ರಿ, ಚಾ ಮಾಡ್ತೀನಿ" ಅಂದರೂ ಕೂರಲಿಲ್ಲ.

"ಅಂಜಲಿ, ಗಿರಣಿ ನಡೆಯೋ ಮುಂದ ಅಳೀಬೇಕು. ಕಾಳು ಬೀಳೋ ಮುಂದ."

ಎರ್ರೆಪ್ಪನಿಗೆ ಆ ಭಾನುವಾರ ರಜೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಅಂಜಲಿ ತನ್ನ ಮಲ್ಟಿಮೀಟರ್ ತಂದಳು. ಹಳದಿ ಬಣ್ಣದ, ಅಂಗೈಯಷ್ಟು ಯಂತ್ರ, ಎರಡು ಉದ್ದ ವೈರು, ತುದಿಗೆ ಸೂಜಿ. ಅವಳು ರಬ್ಬರ್ ಚಪ್ಪಲಿ ಹಾಕಿ, ಒಣ ಹಲಗೆಯ ಮೇಲೆ ನಿಂತು ಅಳೆದಳು. ದುರ್ಗಕ್ಕ ಕಾಳು ಸುರಿದು ದೂರದಿಂದ ಅಂಕಿ ಓದಿದಳು. ಮೋಟಾರ್ ಆರಿದಾಗ, ಹಿಂದಿನ ಕೋಣೆಯಲ್ಲಿ ಇನ್ನೂರ ಇಪ್ಪತ್ತಾರು. ಖಾಲಿ ತಿರುಗುವಾಗ ಇನ್ನೂರ ಹನ್ನೆರಡು. ಜೋಳ ಸುರಿದಳು. ಅಂಕಿ ಇಳಿಯತೊಡಗಿತು. ಇನ್ನೂರು, ನೂರಾ ತೊಂಬತ್ತು. ನೂರಾ ಎಂಬತ್ತೆರಡಕ್ಕೆ ನಿಂತಿತು.

"ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದಳು ಅಂಜಲಿ. ಮುಂದಿನ ಕೋಣೆಯ ಮೀಟರ್ ಬೋರ್ಡಿನಲ್ಲಿ ಇದನ್ನೇ ಮತ್ತೆ ಮಾಡಿದರು. ಜೋಳ ಬೀಳುವಾಗ ಅಲ್ಲಿ ಇನ್ನೂರ ಹನ್ನೊಂದು.

ಎರಡು ಕೋಣೆಯ ನಡುವೆ ಇಪ್ಪತ್ತೊಂಬತ್ತು ವೋಲ್ಟು ಕಾಣೆಯಾಗಿತ್ತು. ಹತ್ತು ಮೀಟರ್ ವೈರು, ನಡುವೆ ಒಂದು ಗೋಡೆ. ದುರ್ಗಕ್ಕ ಗೋಡೆಯನ್ನೇ ನೋಡುತ್ತ ನಿಂತಳು. "ಎಲ್ಲಿ ಹೋತವ್ವ ಅದು?"

ಅಂಜಲಿ ಇನ್ನೊಂದು ಕೆಲಸ ಮಾಡಿದಳು. ಲ್ಯಾಬಿನಿಂದ ತಂದಿದ್ದ ಉದ್ದದ ವೈರನ್ನು ಮಲ್ಟಿಮೀಟರಿಗೆ ಸೇರಿಸಿ, ಒಂದು ಸೂಜಿಯನ್ನು ಮುಂದಿನ ಬೋರ್ಡಿನಲ್ಲಿ, ಇನ್ನೊಂದನ್ನು ಹಿಂದಿನ ಸ್ವಿಚ್ಚಿನಲ್ಲಿ, ಮೋಟಾರಿಗೆ ಹೋಗುವ ಎರಡು ವೈರುಗಳಲ್ಲಿ ಕೆಂಪನೆಯದೊಂದರ ಎರಡು ತುದಿಗೆ ಸಿಕ್ಕಿಸಿದಳು. ಮೋಟಾರ್ ಆರಿದಾಗ ಸೊನ್ನೆ. ಜೋಳ ಬೀಳುವಾಗ ಇಪ್ಪತ್ತಾರು. ಉಳಿದ ಮೂರು ಇನ್ನೊಂದು ವೈರಿನ ಪಾಲು.

ಇಲ್ಲಿ ದುರ್ಗಕ್ಕನ ತಲೆ ಪೂರ್ತಿ ಕೆಟ್ಟಿತು. "ಒಂದೇ ವೈರು. ಅದರ ಈ ತುದಿ, ಆ ತುದಿ. ಅಲ್ಲೆಂಗ ಬಂತು ವೋಲ್ಟೇಜು?"

"ವೋಲ್ಟೇಜ್ ಯಾವಾಗ್ಲೂ ಎರಡು ಜಾಗದ ನಡುವೆ ಅಕ್ಕ."

"ಮತ್ತ ವೈರಿನಾಗ ಇನ್ನೂರ ಮೂವತ್ತು ಐತೆ ಅಂತಾರಲ್ಲ?"

"ಆ ವೈರಿಗೂ ಇನ್ನೊಂದು ವೈರಿಗೂ ನಡುವೆ ಅಂತ ಅರ್ಥ. ಒಂದೇ ಜಾಗಕ್ಕ ಇಷ್ಟು ವೋಲ್ಟ್ ಅಂತ ಹೇಳಾಕ ಬರಲ್ಲ."

"ಬರಲ್ಲಾ?" ದುರ್ಗಕ್ಕ ಬಾಗಿಲಾಚೆ ಕಂಬದ ಕಡೆ ನೋಡಿದಳು. ತಂತಿಯ ಮೇಲೆ ಎರಡು ಗೊರವಂಕ ಕುಳಿತಿದ್ದವು. "ಅದಕ್ಕ ಅವು ಸಾಯಲ್ಲೇನು?"

"ಅದಕ್ಕ. ಎರಡು ಕಾಲೂ ಒಂದೇ ತಂತಿ ಮ್ಯಾಲೆ, ಹತ್ತಿರ ಹತ್ತಿರ. ನಡುವೆ ಏನೂ ಇಲ್ಲ."

"ನಮ್ಮ ಕೆಂಪು ವೈರಿನ ನಡುವೆ ಐತೆ."

"ಅಲ್ಲೇ ಏನೋ ಆಗೈತೆ ಅಂತ ಅರ್ಥ."

ದುರ್ಗಕ್ಕನಿಗೆ ಬುಟ್ಟಿ ಹೊತ್ತ ದಾರಿ ನೆನಪಾಯಿತು. ಗಣಿಯಲ್ಲಿ ಇಳಿಜಾರಿನ ಒಂದು ತಿರುವಿನಲ್ಲಿ ದಾರಿ ಕಿರಿದಾಗುತ್ತಿತ್ತು. ಹೆಂಗಸರು ಒಬ್ಬರಿಗೊಬ್ಬರು ತಾಗಿ, ಪ್ರತಿ ಬುಟ್ಟಿಯಿಂದಲೂ ಒಂದಿಷ್ಟು ಅದಿರು ಅಲ್ಲಿ ಚೆಲ್ಲುತ್ತಿತ್ತು. ಲಾರಿಗೆ ಬರುವಷ್ಟರಲ್ಲಿ ಬುಟ್ಟಿ ತುಂಬಿರುತ್ತಿರಲಿಲ್ಲ. ಮಂದಿ ಹೆಚ್ಚಾದಷ್ಟೂ ಹೆಚ್ಚು ಚೆಲ್ಲುತ್ತಿತ್ತು. ಯಾರೂ ಇಲ್ಲದಾಗ ಅಲ್ಲಿ ಏನೂ ಬೀಳುತ್ತಿರಲಿಲ್ಲ. ವೈರಿನಲ್ಲಿ ಚೆಲ್ಲಿದ್ದು ಎಲ್ಲಿಗೆ ಬೀಳಬೇಕು? ಇಲ್ಲಿ ಚೆಲ್ಲುವುದು ಅದಿರು ಅಲ್ಲ, ಬಿಸಿ ಎಂದು ಅವಳಿಗೆ ಹೊಳೆಯಿತು. ಕಾಯ್ದು ಕಾಯ್ದು ಸುಡುತ್ತದೆ ಎಂದಿದ್ದ ಹುಲುಗೇಶ್.

ಮೇನ್ ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ವೈರ್ ಹೋದ ದಾರಿಯಲ್ಲಿ ಗೋಡೆ ಮುಟ್ಟುತ್ತ ಬಂದಳು. ಎಲ್ಲ ಕಡೆ ತಣ್ಣಗಿತ್ತು. ಎರಡು ಕೋಣೆಯ ನಡುವಿನ ಬಾಗಿಲಿನ ಮೇಲೆ, ಗಾರೆ ಒಂದಿಷ್ಟು ಹಳದಿ ತಿರುಗಿದ ಜಾಗದಲ್ಲಿ ಅಂಗೈ ಹಿಂದಕ್ಕೆಳೆದುಕೊಂಡಳು. ಆಗಷ್ಟೇ ಒಲೆಯಿಂದ ಇಳಿಸಿದ ಹೆಂಚಿನಂತೆ ಸುಡುತ್ತಿತ್ತು.

ಹುಲುಗೇಶನಿಗೆ ಫೋನ್ ಮಾಡಿದಳು. ಅವನು ಬಂದು ಮೇನ್ ಆರಿದೆಯೆಂದು ಎರಡು ಸಲ ನೋಡಿ, ಗಾರೆ ಕೆತ್ತಿ ವೈರು ಹೋಗುವ ಪೈಪು ಒಡೆದ. ಒಳಗೆ ಗಂಟು. ಹಿಂದಿನ ಕೋಣೆ ಕಟ್ಟಿಸಿದಾಗ ಯಾರೋ ವೈರು ಸಾಲದೆ ಎರಡು ತುಂಡು ಹೊಸೆದು ಟೇಪು ಸುತ್ತಿ ಗೋಡೆಯಲ್ಲಿ ಮುಚ್ಚಿಬಿಟ್ಟಿದ್ದರು. ಟೇಪು ಕರಗಿ ಬೂದಿಯಾಗಿತ್ತು, ತಂತಿಯ ಎಳೆಗಳಲ್ಲಿ ಮುಕ್ಕಾಲು ಪಾಲು ತುಂಡಾಗಿದ್ದವು. ನಾಲ್ಕೈದು ಎಳೆಯ ಮೇಲೆ ಇಡೀ ಗಿರಣಿ ನಡೆಯುತ್ತಿತ್ತು.

"ಇದನ್ನ ಯಾರು ಹಿಡಿದ್ರು?" ಎಂದ ಹುಲುಗೇಶ್.

"ಅಕ್ಕ" ಎಂದಳು ಅಂಜಲಿ.

ಬೋರ್ಡಿನಿಂದ ಮೋಟಾರಿನವರೆಗೆ ಗಂಟಿಲ್ಲದ ದಪ್ಪ ವೈರು ಎಳೆದರು. ಎರ್ರೆಪ್ಪನ ಬ್ಯಾಟ್ರಿ ವೈರು ಯಾಕೆ ಹೆಬ್ಬಟ್ಟು ದಪ್ಪ ಎಂಬುದು ದುರ್ಗಕ್ಕನಿಗೆ ಆಗ ಗೊತ್ತಾಯಿತು, ಬುಟ್ಟಿ ಸಣ್ಣದಾದರೆ ಮಂದಿ ಹೆಚ್ಚು, ಮಂದಿ ಹೆಚ್ಚಾದರೆ ದಾರಿ ಅಗಲ ಬೇಕು. ಸಂಜೆ ನಾಲ್ಕಕ್ಕೆ ಜೋಳ ಸುರಿದಾಗ ಹಿಂದಿನ ಕೋಣೆಯಲ್ಲಿ ಇನ್ನೂರ ಹತ್ತು. ಮೋಟಾರಿನ ದನಿ ಕುಗ್ಗಲಿಲ್ಲ. ದುರ್ಗಕ್ಕ ಅದರ ಬೆನ್ನ ಮೇಲೆ ಅರ್ಧ ಗಂಟೆ ಕೈ ಇಟ್ಟುಕೊಂಡೇ ನಿಂತಿದ್ದಳು. ಬೆಚ್ಚಗಿತ್ತು, ಬೆಕ್ಕಿನ ಮೈಯಷ್ಟು. ಅಷ್ಟೇ.

ಆ ವಾರ ಅವಳು ಬಂದವರಿಗೆಲ್ಲ ಬುಟ್ಟಿ, ಲಾರಿ, ದಾರಿಯ ಕಥೆ ಹೇಳಿದಳು. ರೇವಣಸಿದ್ದನಿಗೂ ಹೇಳಿದಳು. ಅವನು ಬೈಕ್ ಆರಿಸಿ ಕೇಳಿದ. ಶನಿವಾರ ಅಂಜಲಿ ಬಂದಾಗ ಹೆಮ್ಮೆಯಿಂದ ಅದನ್ನೇ ಮತ್ತೆ ಹೇಳಿದಳು. ಅಂಜಲಿ ಪ್ರಾಮಾಣಿಕಳು. ಸುಮ್ಮನಿರಲಾಗಲಿಲ್ಲ.

"ಒಂದು ಮಾತು ಅಕ್ಕ. ಮನಿಗೆ ಬರೋ ಕರೆಂಟಿನಾಗ ಆ ಕಣಗಳು ಖರೇ ಅಂದ್ರ ಪವರ್‌ಹೌಸಿನಿಂದ ಇಲ್ಲೀತನಕ ನಡಕೊಂಡು ಬರಲ್ಲ. ಇದ್ದಲ್ಲೇ ಹಿಂದ ಮುಂದ, ಹಿಂದ ಮುಂದ ಅಲ್ಲಾಡ್ತಾವ. ಸೆಕೆಂಡಿಗೆ ಐವತ್ತು ಸಲ."

"ಬರಲ್ಲಾ? ಮತ್ತ ಅದಿರು ಹೆಂಗ ಬರ್ತೈತೆ?"

"ಕೈಯಿಂದ ಕೈಗೆ ಕೊಟ್ಟಂಗ... ಅದೂ ಪೂರ್ತಿ ಸರಿ ಅಲ್ರಿ. ಶಕ್ತಿ ವೈರಿನ ಸುತ್ತ ಇರ್ತೈತೆ ಅಂತ ಪುಸ್ತಕದಾಗ ಐತೆ." ಅಂಜಲಿ ಹಿಟ್ಟಿನ ಚೀಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, ಅದರ ಸುತ್ತ ಉಂಗುರಗಳನ್ನು ಬರೆದು, ತಾನೇ ಅದನ್ನು ಸ್ವಲ್ಪ ಹೊತ್ತು ನೋಡಿ ಅಳಿಸಿದಳು. "ಇದನ್ನ ನನಗೂ ಯಾರೂ ಸರಿಯಾಗಿ ಹೇಳಿಲ್ಲ ಅಕ್ಕ."

ದುರ್ಗಕ್ಕ ಸಿಟ್ಟಾಗಲಿಲ್ಲ. ಆದರೆ ಆ ದಿನದಿಂದ ಬುಟ್ಟಿಯ ಕಥೆಯನ್ನು ಹೇಳುವಾಗ ಅವಳ ದನಿ ಮೊದಲಿನಷ್ಟು ಗಟ್ಟಿ ಇರುತ್ತಿರಲಿಲ್ಲ. ಎರಡು ವಾಕ್ಯ ಸಲೀಸಾಗಿ ಬರುತ್ತಿದ್ದವು, ಮೂರನೆಯದಕ್ಕೆ ನಿಲ್ಲುತ್ತಿದ್ದಳು. ಅಂಜಲಿ ತನ್ನ ಹಳೆಯ ಮಲ್ಟಿಮೀಟರನ್ನು ಅವಳಿಗೇ ಬಿಟ್ಟಳು. ಪ್ಲಗ್ಗಿಗೆ ಹಾಕಿ ಸುರಕ್ಷಿತವಾಗಿ ನೋಡುವುದನ್ನು ಕಲಿಸಿದಳು. ದುರ್ಗಕ್ಕ ದಿನಾ ಬೆಳಿಗ್ಗೆ, ಸಂಜೆ, ರಾತ್ರಿ ನೋಡುತ್ತಿದ್ದಳು. ಸಂಜೆ ಓಣಿಯ ಮನೆಗಳಲ್ಲಿ ದೀಪ ಹತ್ತಿದಾಗ ಅಂಕಿ ಐದಾರು ಇಳಿಯುತ್ತಿತ್ತು, ಊಟದ ಹೊತ್ತು ದಾಟಿದರೆ ಏರುತ್ತಿತ್ತು. ಅದು ಯಾಕೆಂದು ಈಗ ಅವಳಿಗೆ ಸುಮಾರಾಗಿ ಗೊತ್ತಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಹುಲುಗೇಶ್ ಫೋನ್ ಮಾಡಿದ. ಕಂಪ್ಲಿಯಲ್ಲಿ ಅಕ್ಕಿ ಹಿಟ್ಟಿನ ಗಿರಣಿಯ ಜಂಬಪ್ಪ ಎಂಬವರ ಮೋಟಾರು ಎರಡು ಸಲ ಸುಟ್ಟು ಅವನ ಅಂಗಡಿಗೆ ಬಂದು, ರಿಪೇರಿಯಾಗಿ ವಾಪಸ್ ಹೋಗಿತ್ತಂತೆ. "ನಮ್ಮ ಅಕ್ಕ ಒಬ್ಬಾಕಿ ಅದಾಳ, ಗೋಡಿ ಮುಟ್ಟಿ ಹೇಳ್ತಾಳ ಅಂದೀನಿ. ಬರ್ತೀಯೇನು?"

ಅವಳು ಬುಕ್ಕಸಾಗರದ ಮೇಲೆ ಹೋಗುವ ಬಸ್ಸಿನಲ್ಲಿ, ಕೈಚೀಲದಲ್ಲಿ ಮೀಟರ್ ಇಟ್ಟುಕೊಂಡು ಕಂಪ್ಲಿಗೆ ಹೋದಳು. ಜಂಬಪ್ಪ ವಯಸ್ಸಾದವರು, ಅವಳನ್ನು ಕುರ್ಚಿ ಹಾಕಿ ಕೂರಿಸಿದರು. ಗಿರಣಿ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಇತ್ತು. ದುರ್ಗಕ್ಕ ವೈರು ಹೋದ ದಾರಿಯ ಗೋಡೆಯೆಲ್ಲ ಮುಟ್ಟಿ ಬಂದಳು. ತಣ್ಣಗಿತ್ತು. ಗಂಟಿಲ್ಲ. ಪ್ಲಗ್ಗಿಗೆ ಮೀಟರ್ ಹಾಕಿದಳು. ಅಂಕಿ ನೋಡಿ, ಮೀಟರ್ ತೆಗೆದು, ತಿರುಗಿ ಹಾಕಿದಳು. ಇನ್ನೂರ ಅರವತ್ತೆಂಟು. ಅಕ್ಕಿ ಸುರಿದಾಗಲೂ ಇನ್ನೂರ ಅರವತ್ತಮೂರು.

"ಕಮ್ಮಿ ಐತೇನವ್ವ?" ಎಂದರು ಜಂಬಪ್ಪ.

"ಇಲ್ರಿ. ಜಾಸ್ತಿ ಐತೆ. ಭಾಳ ಜಾಸ್ತಿ ಐತೆ."

"ಜಾಸ್ತಿ ಇದ್ರ ಚಲೋ ಅಲ್ಲೇನು?"

ಬುಟ್ಟಿ ದೊಡ್ಡದಾದರೆ ಓಡಾಟ ಕಡಿಮೆಯಾಗಬೇಕು. ಓಡಾಟ ಕಡಿಮೆಯಾದರೆ ಬಿಸಿಯೂ ಕಡಿಮೆಯಾಗಬೇಕು. ಆದರೆ ಅಲ್ಲಿ ಮೂಲೆಯಲ್ಲಿ, ಆಗಷ್ಟೇ ಆರಿಸಿದ ಮೋಟಾರಿನಿಂದ ಅದೇ ಸುಟ್ಟ ವಾರ್ನಿಷ್ ವಾಸನೆ ಬರುತ್ತಿತ್ತು. ದುರ್ಗಕ್ಕ ಅಂಕಿಯನ್ನು ನೋಡಿದಳು, ಮೋಟಾರನ್ನು ನೋಡಿದಳು, ಜಂಬಪ್ಪನವರನ್ನು ನೋಡಿದಳು.

"ನಂಗ ಗೊತ್ತಿಲ್ರಿ" ಎಂದಳು. "ಲೈನ್‌ಮನ್‌ನ ಜಲ್ದಿ ಕರಸ್ರಿ, ಈ ಅಂಕಿ ತೋರಸ್ರಿ. ಅಲ್ಲೀತನಕ ಗಿರಣಿ ಹಚ್ಚಬ್ಯಾಡ್ರಿ. ಜಾಸ್ತಿ ಆದ್ರ ಯಾಕ ಸುಡ್ತೈತೆ ಅನ್ನೋದು ನಾನು ಕೇಳಬೇಕು."

ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಂಜಲಿಗೆ ಫೋನ್ ಹಚ್ಚಿದಳು.